ಗುಡ್ಡ ಹತ್ತದೆ, ಪಾರ್ಕ್ ಸುತ್ತದೆ ನಡೆಯೋಕೆ ದಾವಣಗೆರೆ ಕಡೆ ಎಲ್ಲಿ ಹೋಗಬಹುದು?

ವಿದ್ಯಾನಗರದ ಸೊಸೆ:

ನಮ್ಮ ಮಾವಾರಿಗೆ 68 ವರ್ಷ. ಕಾಟನ್ ಮಿಲ್ಲಲ್ಲಿ ನಿಂತೇ ಕೆಲಸ ಮಾಡಿದವರು, ಈಗ ಬಲಗಾಲಿನ ಮಂಡಿ ಸವೆದಿದೆ. ದಿನಾ ಮುಕ್ಕಾಲು ಗಂಟೆ ನಡೀರಿ, ಆದ್ರೆ ಮೆಟ್ಟಿಲು ಬೇಡ, ಏರು ಬೇಡ ಅಂದಿದ್ದಾರೆ ಡಾಕ್ಟ್ರು. ಮನೆ ಹಿಂದಿನ ಪಾರ್ಕಿಗೆ ಎರಡು ದಿನ ಬಂದ್ರು. ಮೂರನೇ ದಿನ ಚಪ್ಪಲಿ ಹಾಕ್ಕೊಂಡವರು ಮತ್ತೆ ಬಿಟ್ಟು ಕೂತ್ರು. "ನಾನೇನು ಗಾಣದೆತ್ತೇನವ್ವಾ, ಅದೇ ಕಲ್ಲುಬೆಂಚಿಗೆ ಹತ್ತು ಸಲ ಬರಾಕೆ?" ಅಂದ್ರು.

ನೀರು, ಹೊಲ, ಹಳೇ ಗುಡಿ, ಇಂಥದ್ದು ಏನಾದ್ರೂ ಕಣ್ಣಿಗೆ ಬೀಳ್ತಾ ಇದ್ರೆ ಅವರು ತಾವಾಗೇ ನಡೀತಾರೆ. ಸ್ಕೂಟಿ ಇದೆ. ಭಾನುವಾರ ಆದ್ರೆ ನಮ್ಮೆಜಮಾನ್ರ ಕಾರೂ ಸಿಗುತ್ತೆ. ಗೊತ್ತಿರೋರು ದಯವಿಟ್ಟು ಹೇಳಿ.

ಮಿರ್ಚಿ ಮಂಡಕ್ಕಿ:

ಕುಂದವಾಡ ಕೆರೆ. ಇದಕ್ಕೆ ಇಷ್ಟುದ್ದ ಯಾಕೆ ಬರೆದ್ರಿ ಮೇಡಂ?

ವಿದ್ಯಾನಗರದ ಸೊಸೆ:

ಹೋಗಿದ್ವಿ ಸರ್. ಅರ್ಧ ದಾರೀಲಿ ನಿಂತು "ಇದೂ ಸುತ್ತೇ ಅಲ್ವೇನವ್ವಾ?" ಅಂದ್ರು.

ಮಿರ್ಚಿ ಮಂಡಕ್ಕಿ:

ಕೆರೆ ಅಂದ್ಮೇಲೆ ಸುತ್ತು ಇರದೆ ಇನ್ನೇನಿರುತ್ತೆ! ನಿಮ್ಮ ಮಾವಾರಿಗೆ ನದಿನೇ ಆಗ್ಬೇಕು. ಹಂಗಾದ್ರೆ ಹರಿಹರಕ್ಕೆ ಹೋಗಿ. ತುಂಗಭದ್ರೆ ಸಿಗುತ್ತೆ, ಹರಿಹರೇಶ್ವರನ ಗುಡೀನೂ ಸಿಗುತ್ತೆ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಆ ಕಂಬಗಳು ಕನ್ನಡಿ ಥರ ಹೊಳೀತಾವೆ, ಒರಗಿ ಕೂತ್ರೆ ಬೆನ್ನಿಗೆ ತಣ್ಣಗೆ. ನಡೆಯೋದು ಮಾತ್ರ ಕಮ್ಮಿ.

ಮಾಜಿ ಸೌಡಿ:

ತಂಗ್ಯವ್ವ, ಕೆರೆ ಬಿಡು, ಹೊಳೀನೂ ಬಿಡು. ಮಾವಾರನ್ನ ನಾಲೆ ಏರಿಗೆ ಕರ್ಕಂಡು ಹೋಗು.

ಭದ್ರಾ ನಾಲೆ ಮ್ಯಾಲೆ ನಾನು 26 ವರ್ಷ ಸೌಡಿ, ಅಂದ್ರೆ ನಾಲೆ ಕಾಯ್ದು ನೀರು ಬಿಡೋನು, ಆಗಿದ್ದೆ. ಹೆಗಲ ಮ್ಯಾಲೆ ಗುದ್ಲಿ, ಕೈಯಾಗೆ ಬ್ಯಾಟ್ರಿ, ಸೊಂಟದಾಗೆ ತೂಬಿನ ಬೀಗದ ಕೈ. ಬೆಳಿಗ್ಗೆ ಈ ತುದಿಯಿಂದ ಆ ತುದಿ, ರಾತ್ರಿ ವಾಪಸ್. ರಾತ್ರಿನೇ ಮುಖ್ಯ, ಬೀಗ ಒಡೆಯೋರು ಹಗಲೊತ್ತು ಬರಲ್ಲ. ರಿಟೈರ್ ಆಗಿ ಆರು ವರ್ಷ ಆತು, ಮಂಡಿ ಇನ್ನೂ ಗಟ್ಟಿ ಐತೆ.

ಯಾಕೆ ಅಂದ್ರೆ, ನಾಲೆ ಏರಿಯಷ್ಟು ಮಟ್ಟಸವಾದ ದಾರಿ ಈ ಸೀಮೆದಾಗೆ ಇನ್ನೊಂದಿಲ್ಲ. ನೀರು ಹರಿಯಾಕೆ ಇಳಿಜಾರು ಬೇಕಲ್ಲ ಅಂತೀಯೇನೋ. ಬೇಕು, ಆದ್ರೆ ಕಣ್ಣಿಗೆ ಕಾಣದಷ್ಟು. ಜಾಸ್ತಿ ಕೊಟ್ರೆ ನೀರಿನ ಸೆಳೆತ ನಾಲೇನೇ ಕೊರೀತದೆ, ಮುಂದಿನೂರಿಗೆ ಹೋಗೋ ಹೊತ್ತಿಗೆ ನಾಲೆ ತಳಕ್ಕಿಳಿದು ಗದ್ದೆ ಮ್ಯಾಲೆ ಉಳ್ಕಂತಾವೆ. ಅದಕ್ಕೇ ದಿಬ್ಬ ಅಡ್ಡ ಬಂದ್ರೆ ನಾಲೆ ಅದನ್ನ ಹತ್ತಲ್ಲ, ಸೊಂಟ ಬಳಸಿ ಹೋಗ್ತದೆ. ನೆಟ್ಟಗೆ ಒಂದು ಮೈಲಿ ಇರೋದು ಎರಡು ಮೈಲಿ ಆಗ್ತದೆ. ನಮಗೆ ಅದು ಬೇಜಾರಿತ್ತು, ನಿಮ್ಮ ಮಾವಾರಿಗೆ ಲಾಭ.

ಹದಡಿ, ಕುಕ್ಕವಾಡದ ಕಡೆ ಹೋದ್ರೆ ಎಲ್ಲಾ ಭದ್ರಾ ನೀರಿನ ಗದ್ದೆನೇ. ಏರಿ ಮ್ಯಾಲೆ ಜೀಪು ಹೋಗೋವಷ್ಟು ಅಗಲದ ದಾರಿ ಇರೋ ಕಡೆ ಗಾಡಿ ನಿಲ್ಲಿಸ್ರಿ. ಹೋಗೋವಾಗ ಎರಡೂ ಕಡೆ ನೋಡಾಕೆ ಹೇಳು. ಕೆಳಗಿನ ಕಡೆ ಬತ್ತದ ಗದ್ದೆ, ಬೆಳ್ಳಕ್ಕಿ ಸಾಲು. ಮ್ಯಾಲಿನ ಕಡೆ ಮೆಕ್ಕೆಜೋಳ, ಮಳೆ ಬಂದ್ರೆ ಉಂಟು ಇಲ್ಲಾಂದ್ರೆ ಇಲ್ಲ. ನಡುವೆ ಇರೋದು ಬರೀ ಒಂದು ನಾಲೆ. ಹತ್ತು ಮಾರು ಮ್ಯಾಲೆ ಹೊಲ ಬಂತು ಅಂತ ಒಬ್ಬನ ಮನೆ ಹಂಚಿಂದು, ಕೆಳಗಿನವಂದು ಆರ್‌ಸಿಸಿ. ಈಗ ಮ್ಯಾಲಿನವ್ರೂ ಮೋಟ್ರು ಇಟ್ಟು ನೀರು ಎತ್ತಿ ಅಡಿಕೆ ಹಾಕ್ಯಾರೆ, ನೀರು ಮುಟ್ಟಲ್ಲ ಅಂತ ನಾಲೆ ಕೊನೆ ಭಾಗದವ್ರು ಬೈತಾರೆ. ಆ ಮಾತು ತೆಗೆದ್ರೆ ಇವತ್ತು ಮುಗಿಯಲ್ಲ.

ಮೊದ್ಲು ನಾಲೆಗೆ ನೀರು ಬಿಟ್ಟಾರೋ ಇಲ್ಲೋ ಕೇಳ್ಕಂಡು ಹೋಗ್ರಿ. ಮಳೆಗಾಲದ ಬೆಳೆಗೊಂದ್ಸಲ, ಬೇಸಿಗೆ ಬೆಳೆಗೊಂದ್ಸಲ ಬಿಡ್ತಾರೆ, ನಡುವೆ ಬಂದ್. ಬಂದ್ ಆದಾಗ ಹೋದ್ರೆ ಪ್ಲಾಸ್ಟಿಕ್ಕು, ಹರಿದ ಚಪ್ಪಲಿ, ನಾತ. ಪೇಪರ್ನಾಗೆ ಭದ್ರಾ ಡ್ಯಾಂ ಮಟ್ಟ ಹಾಕ್ತಾರಲ್ಲ, ಅದು 186 ಅಡಿ, ಅಂದ್ರೆ ಡ್ಯಾಂ ತುಂಬೋ ಮಟ್ಟದ ಹತ್ರ ಬಂತು ಅಂದ್ರೆ ನಮ್ಮ ಕಡೆ ಜನ ಸಸಿಮಡಿ ಹದ ಮಾಡಾಕೆ ಶುರು ಮಾಡ್ತಾರೆ. ಆಗ ಹೊಂಟ್ರಿ ಅಂದ್ರೆ ಚೆಂದ. ನಾಲೆ ಮ್ಯಾಲೆ ಬಗ್ಗಿದ ಜಾಲಿ ಮರ ಇದ್ರೆ ತಲೆ ಎತ್ತಿ ನೋಡ್ರಿ, ಗೀಜಗನ ಗೂಡು ನೀರಿನ ಕಡೆನೇ ಜೋತು ಬಿದ್ದಿರ್ತಾವೆ. ಹಾವು ಬರಬಾರ್ದು ಅಂತ ಅದರ ಲೆಕ್ಕಾಚಾರ.

ಇನ್ನೊಂದು ಮಾತು, ಇದನ್ನ ಮರೀಬ್ಯಾಡ. ಕೈಕಾಲು ತೊಳ್ಯಾಕೆ ಅಂತ ನೀರಿಗೆ ಇಳಿಯಾಕೆ ಬಿಡಬ್ಯಾಡ. ಸಿಮೆಂಟ್ ಹಾಸಿದ ಇಳಿಜಾರು, ಮ್ಯಾಲೆ ಒಣಗಿದಂಗೆ ಕಾಣ್ತದೆ, ನೀರಿನ ಗೆರೆ ಹತ್ರ ಪಾಚಿ. ಒಂದ್ಸಲ ತೂಬಿನ ಬಾಯಿಗೆ ಮುಳ್ಳಿನ ಕಂಟಿ ಸಿಕ್ಕಿತ್ತು. ದಿನಾ ಓಡಾಡೋ ಜಾಗ, ನನಗೇನಾಗ್ತದೆ ಅಂತ ಎರಡು ಹೆಜ್ಜೆ ಇಳಿದೆ. ಮೂರನೇ ಹೆಜ್ಜೆ ನಾನು ಇಟ್ಟಿದ್ದಲ್ಲ. ನೀರು ಎದೆಮಟ್ಟ ಅಷ್ಟೇ ಇತ್ತು, ಆದ್ರೆ ಕಾಲು ಊರಾಕೆ ಬಿಡಲ್ಲ, ಕೈಗೆ ಹಿಡಿಯಾಕೆ ಏನೂ ಇಲ್ಲ, ಉಗುರು ಕಿತ್ತು ಬರ್ತದೆ. ಮುಂದಿನ ಸೋಪಾನದ ಹತ್ರ ಒಬ್ಬ ಹೆಣ್ಮಗಳು ಕೌದಿ ಒಗೀತಿದ್ಲು. ಹೆದರಲಿಲ್ಲ, ಕೂಗಲಿಲ್ಲ. ಆ ಹಸಿ ಕೌದಿನೇ ಒಂದು ತುದಿ ಹಿಡ್ಕಂಡು ನನ್ನ ಕಡೆ ಬೀಸಿದ್ಲು. ಎಳ್ಕಂಡ ಮ್ಯಾಲೆ "ಕೌದಿ ಹರೀತು ನೋಡು" ಅಂದ್ಲು. ಗುದ್ಲಿ ಹೋತು. ನೀರಿಗಿಳಿಯೋದಿದ್ರೆ ಸೋಪಾನ ಇರೋ ಕಡೆ ಮಾತ್ರ, ಅದೂ ಬ್ಯಾಡ.

ಮಾವಾರಿಗೆ ಬೇಜಾರಾದ್ರೆ ಒಂದು ಒಣ ಕಡ್ಡಿ ನೀರಿಗೆ ಒಗೆದು ಅದರ ಸಮ ನಡ್ಯಾಕೆ ಹೇಳು. ದೊಡ್ಡ ನಾಲೆ ನೀರು ಹೆಚ್ಚುಕಡಿಮೆ ಮನುಷ್ಯನ ನಡಿಗೇಲೇ ಹೋಗ್ತದೆ. ನೀರು ಎಷ್ಟು ಬಂದೈತೆ ಅಂತ ನಾವು ಅಂದಾಜು ಮಾಡ್ತಿದ್ದದ್ದೂ ಹಂಗೇ.

ದುರ್ಗದ ಟೀಚರ್:

ಮೇಲಿನ ಅಣ್ಣಾವ್ರ ಮಾತು ಓದಿದ ಮೇಲೆ ನನ್ನದು ಸಪ್ಪೆ. ಆದರೂ ಕಾರು ಸಿಗುವ ಭಾನುವಾರಕ್ಕೆ ಒಂದು ಜಾಗ ಹೇಳ್ತೀನಿ. ಚಿತ್ರದುರ್ಗ ಅಂದರೆ ಎಲ್ಲರೂ ಏಳು ಸುತ್ತಿನ ಕೋಟೆಗೇ ಓಡ್ತಾರೆ. ಮಂಡಿ ನೋವಿನವರಿಗೆ ಅದು ಆಗೋ ಮಾತಲ್ಲ. ಚಂದ್ರವಳ್ಳಿಗೆ ಬನ್ನಿ. ಸುತ್ತ ಬಂಡೆಗುಡ್ಡ, ನಡುವೆ ಕೆರೆ. ಬೆಳಿಗ್ಗೆ ಊರಿನವರು ವಾಕಿಂಗ್ ಬರ್ತಾರೆ, ಭಯವಿಲ್ಲ.

ಅಲ್ಲಿ ಭೈರವೇಶ್ವರ ಗುಡಿ ಪಕ್ಕದ ಬಂಡೆ ಮೇಲೆ ಮೂರೇ ಸಾಲಿನ ಶಾಸನ ಇದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಸುಮಾರು 4ನೇ ಶತಮಾನದ್ದು. ಕದಂಬರ ಮಯೂರಶರ್ಮ ಕೆರೆ ಮಾಡಿಸಿದ ವಿಷಯ ಅದರಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋದಾಗ "ಮಿಸ್, ರಾಜ ಮಾಡಿಸಿದ ಕೆರೆ ಎಲ್ಲಿದೆ?" ಅಂತ ಕೇಳ್ತಾರೆ. ನಾನು ಕೆರೆ ಕಡೆ ಕೈ ತೋರಿಸ್ತೀನಿ. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ವೀಲರ್ ಇಲ್ಲಿ ಅಗೆಸಿದ್ದರು. ಸಾತವಾಹನರ ನಾಣ್ಯ, ರೋಮನ್ ನಾಣ್ಯ ಎರಡೂ ಸಿಕ್ಕಿರೋ ನೆಲ ಇದು.

ಅಂಕಲಿ ಮಠದ ಗುಹೆ ತೋರಿಸ್ತೀವಿ ಅಂತ ಯಾರಾದರೂ ಕರೆದರೆ ಮಾವನವರು ಹೊರಗೇ ಕೂರಲಿ. ಕತ್ತಲು, ಮೆಟ್ಟಿಲು, ನಡು ಬಗ್ಗಿಸಿ ನುಸುಳಬೇಕು.

ಅಡಿಕೆ ಚೀಲ:

ಚನ್ನಗಿರಿ ಕಡೆ ಬಂದ್ರೆ ಸಂತೆಬೆನ್ನೂರು ಪುಷ್ಕರಿಣಿ ತಪ್ಪಿಸ್ಬೇಡಿ. ಪಾಳೇಗಾರ ಕೆಂಗ ಹನುಮಪ್ಪ ನಾಯಕನ ಕಾಲದ್ದು, ನೀರಿನ ನಡುವೆ ವಸಂತ ಮಂಟಪ, ಪಕ್ಕದಲ್ಲೇ ಮುಸಾಫಿರ್‌ಖಾನೆ, ಅಂದ್ರೆ ಪ್ರಯಾಣಿಕರು ತಂಗೋ ಕಟ್ಟಡ. ಮೇಲಿನ ಅಂಗಳದಲ್ಲೇ ಓಡಾಡಿ ನೋಡಬಹುದು, ಮೆಟ್ಟಿಲು ಇಳಿಯೋ ಅವಶ್ಯ ಇಲ್ಲ. ಆಮೇಲೆ ಸೂಳೆಕೆರೆಗೆ ಹೋಗಿ, ಹೆಸರು ಕೇಳಿ ನಗಬೇಡಿ, ಶಾಂತಿಸಾಗರ ಅಂದ್ರೂ ಅದೇ. ಅಷ್ಟು ದೊಡ್ಡ ಕೆರೆಗೆ ಏರಿ ನೋಡಿದ್ರೆ ಇಷ್ಟೇನಾ ಅನ್ಸುತ್ತೆ. ಎರಡು ಗುಡ್ಡದ ನಡುವಿನ ಸಂದು ಮುಚ್ಚಿದ್ದಾರೆ ಅಷ್ಟೇ, ಮಿಕ್ಕಿದ್ದೆಲ್ಲಾ ಗುಡ್ಡಗಳೇ ಹಿಡ್ಕೊಂಡಿವೆ.

ವಿದ್ಯಾನಗರದ ಸೊಸೆ:

ಎಲ್ಲರಿಗೂ ಥ್ಯಾಂಕ್ಸ್. ಚಂದ್ರವಳ್ಳಿ ಮುಂದಿನ ತಿಂಗಳು. ಇವತ್ತು ನಾಲೆಗೆ ಹೋಗಿ ಬಂದ್ವಿ, ನೀರು ತುಂಬಾ ಇತ್ತು. ಸೌಡಿ ಅಣ್ಣಾವ್ರೆ, ಕಡ್ಡಿ ಒಗೆಯೋದು ಹೇಳಿ ತಪ್ಪು ಮಾಡಿದ್ರಿ. ಮಾವಾರು ನನ್ನ ಕೈ ಬಿಡಿಸ್ಕೊಂಡು ಅದರ ಹಿಂದೆ ಹೊರಟವರು ಐವತ್ತು ನಿಮಿಷ ನಿಲ್ಲಲೇ ಇಲ್ಲ. ನಾನು ಸ್ಕೂಟಿ ತಗೊಂಡು ಏರಿ ಮೇಲೆ ಹಿಂದಿಂದ ಹೋಗಿ ಕರ್ಕೊಂಡು ಬರಬೇಕಾಯ್ತು.

ಈಗ ಬಿಸಿನೀರಲ್ಲಿ ಕಾಲಿಟ್ಕೊಂಡು ಕೂತು ನನ್ನ ಕೈಲಿ ಬರೆಸ್ತಾ ಇದ್ದಾರೆ: "ಎರಡನೇ ತೂಬಿನ ಹತ್ರ ಜೊಂಡು ಬೆಳ್ದು ನನ್ನ ಕಡ್ಡಿ ಸಿಕ್ಕಂಡು ನಿಂತ್ಬಿಡ್ತು. ಯಾಕೆ ತೆಗೆಸಿಲ್ಲ ಅಂತ ನಿಮ್ಮ ಸೌಡಿಗೆ ಕೇಳು."

ಮಾಜಿ ಸೌಡಿ:

ರಿಟೈರ್ ಆಗೀನಿ ಅಂತ ಹೇಳವ್ವಾ. ಎರಡನೇ ತೂಬು ಅಂದ್ರೆ ಯಾವುದು, ಬೇವಿನ ಮರ ಇರೋದಾ?