ಪೀಟ್ ಜೌಗಿನಲ್ಲಿ ಸಿಕ್ಕ ಮರದ ನೇಗಿಲನ್ನು ಒಣಗಿಸುವುದು ಹೇಗೆ?

ಪ್ರಶ್ನೆ: ಡೆನ್ಮಾರ್ಕಿನ ಡೋಸ್ಟ್ರುಪ್‌ನಲ್ಲಿ 1884ರಲ್ಲಿ, ಡೊನ್ನೆರುಪ್‌ಲುಂಡ್‌ನಲ್ಲಿ 1944ರಲ್ಲಿ ಪೀಟ್ (ಅರೆಕೊಳೆತ ಪಾಚಿ, ಸಸ್ಯಗಳ ಪದರ) ತುಂಬಿದ ಜೌಗಿನಿಂದ ಮರದ ನೇಗಿಲುಗಳು ಸಿಕ್ಕಿವೆ. ಎರಡು ಸಾವಿರ ವರ್ಷ ದಾಟಿದರೂ ಕೊಳೆತಿಲ್ಲ ಯಾಕೆ ಸರ್? ನೆರಳಲ್ಲಿ ನಿಧಾನ ಒಣಗಿಸಿದರೆ ಸಾಲದೆ?

ಉತ್ತರ: ಸಾಲದು, ಹಾಳಾಗುತ್ತದೆ. ಜೌಗಿನ ನೀರಲ್ಲಿ ಆಮ್ಲಜನಕ ಇಲ್ಲದ್ದರಿಂದ ಮರ ತಿನ್ನುವ ಶಿಲೀಂಧ್ರ ಬದುಕುವುದಿಲ್ಲ. ಪಾಚಿಯ ಹುಳಿಯೂ ಜೊತೆಗಿದೆ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಅಲ್ಲೂ ಮರದ ನಾರಾದ ಸೆಲ್ಯುಲೋಸನ್ನು ಮೆಲ್ಲಗೆ ಮೇಯುತ್ತವೆ. ಉಳಿಯುವುದು ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ನಿನ ಹಂದರ; ಅದರ ಆಕಾರ ಹಿಡಿದಿರುವುದು ನೀರು. ನೀರು ಆರುವಾಗಿನ ಎಳೆತಕ್ಕೆ ಕೋಶಗಳು ಒಳಕ್ಕೆ ಕುಸಿದು ಮರ ಸುಕ್ಕಾಗಿ ಸೀಳುತ್ತದೆ. ಆಮೇಲೆ ನೆನೆಸಿದರೂ ಮೊದಲಿನಂತಾಗದು.

ಪ್ರಶ್ನೆ: ಹಾಗಾದರೆ ಕ್ರಮ ಏನು?

ಉತ್ತರ: ಮೊದಲು ಮರ ಎಷ್ಟು ಶಿಥಿಲವಾಗಿದೆಯೆಂದು ಅಳೆಯಬೇಕು. ಚೂರೊಂದನ್ನು ಹಸಿಯಲ್ಲಿ ತೂಗಿ, 105 ಡಿಗ್ರಿಯಲ್ಲಿ ಪೂರ್ತಿ ಒಣಗಿಸಿ ಮತ್ತೆ ತೂಗಿ. ಹಸಿ 6 ಗ್ರಾಂ, ಒಣ 1 ಗ್ರಾಂ ಬಂದರೆ ನೀರು ಒಣ ತೂಕದ 500 ಶೇಕಡಾ. 400 ದಾಟಿತೆಂದರೆ ಮರ ತೀರಾ ದುರ್ಬಲ, ಎತ್ತುವಾಗಲೇ ಹಲಗೆಯ ಆಸರೆ ಬೇಕು. ಬಳಿಕ ಪಾಲಿಎಥಿಲೀನ್ ಗ್ಲೈಕಾಲ್ (ನೀರಿನ ಜಾಗ ತುಂಬುವ ಮೇಣದಂಥ ವಸ್ತು) ದ್ರಾವಣದಲ್ಲಿ ಮುಳುಗಿಸಿ, ತಿಂಗಳುಗಟ್ಟಲೆ ಹಂತಹಂತವಾಗಿ ಸಾಂದ್ರತೆ ಏರಿಸಿ, ಕೊನೆಗೆ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುತ್ತಾರೆ. ಮಂಜುಗಡ್ಡೆ ಕರಗದೆ ನೇರ ಆವಿಯಾಗುವುದರಿಂದ ಆ ಎಳೆತವೇ ಇರುವುದಿಲ್ಲ. ಆತುರಪಟ್ಟು ಒಮ್ಮೆಲೇ ಗಟ್ಟಿ ದ್ರಾವಣಕ್ಕೆ ಹಾಕಿದರೆ ಗ್ಲೈಕಾಲ್ ಒಳಹೋಗುವ ಮೊದಲೇ ನೀರು ಹೊರಬಂದು, ತೊಟ್ಟಿಯೊಳಗೇ ಮರ ಕುಸಿಯುತ್ತದೆ. ಹಿಂದೆ ಪಟಿಕದ (ಆಲಂ) ಬಿಸಿ ದ್ರಾವಣದಲ್ಲಿ ಅದ್ದುತ್ತಿದ್ದರು. ಆ ಬಿಸಿಗೆ ಹುಟ್ಟಿದ ಗಂಧಕಾಮ್ಲ ಈಗಲೂ ಹಳೆಯ ವಸ್ತುಗಳನ್ನು ಒಳಗಿಂದ ತಿನ್ನುತ್ತಿದೆ.

ಪ್ರಶ್ನೆ: ನಮ್ಮ ನೇಗಿಲಿಗೂ ಅದಕ್ಕೂ ಹೋಲಿಕೆ ಇದೆಯೇ? ಕಾಲ ನಿರ್ಣಯಕ್ಕೆ ಚೂರು ಯಾವಾಗ ತೆಗೆಯಬೇಕು?

ಉತ್ತರ: ಆ ಡೆನ್ಮಾರ್ಕಿನ ನೇಗಿಲಲ್ಲೂ ಈಸು (ನೊಗಕ್ಕೆ ಕಟ್ಟುವ ಉದ್ದ ಮರ), ಮೇಣಿ (ಹಿಡಿ), ಗುಳ (ಮಣ್ಣಿಗಿಳಿಯುವ ಮೊನೆ) ಎಲ್ಲ ಇದೆ, ಗುಳವೂ ಮರದ್ದೇ. ಮಣ್ಣು ಮಗುಚುವುದಿಲ್ಲ, ಗೀರುತ್ತದೆ. ಈಸಿನ ಬಾಗಿದ ಬುಡದ ತೂತಿನಲ್ಲಿ ಮೇಣಿಯೂ ಬಾಣದಾಕಾರದ ಗುಳವೂ ಅದರ ಮೇಲೊಂದು ಕೋಲುಗುಳವೂ ಬೆಣೆಯಿಂದ ಬಿಗಿದಿರುತ್ತವೆ. ತುದಿ ಸವೆದಂತೆ ಕೋಲನ್ನು ಮುಂದೆ ತಳ್ಳಬಹುದು. ಒರೆಸುವಾಗ ಬ್ರಷ್ ಉಜ್ಜಬೇಡಿ, ಆ ಸವೆತದ ಗೆರೆಗಳೇ ಉಳುಮೆಯ ಸಾಕ್ಷಿ. ಕಾಲ ತಿಳಿಸುವ ಇಂಗಾಲದ ಪರೀಕ್ಷೆಗೆ ಚೂರನ್ನು ಗ್ಲೈಕಾಲ್‌ಗೆ ಮುನ್ನವೇ ತೆಗೆದಿಡಿ. ಗ್ಲೈಕಾಲ್ ಪೆಟ್ರೋಲಿಯಂ ಮೂಲದ್ದು, ಅದರ ಇಂಗಾಲ ಅತಿ ಪುರಾತನ; ಅದು ಉಳಿದರೆ ಮರ ಇರುವುದಕ್ಕಿಂತ ಹಳೆಯದೆಂದು ತೋರುತ್ತದೆ.