ಉಡವನ್ನು ಕಚ್ಚಿದ ನಾಯಿಗೆ ಎರಡು ದಿನದ ಮೇಲೆ ಭೇದಿ: ಉಡದಿಂದಲೇ ಬಂದಿತೇ?

ಪ್ರಶ್ನೆ (ಮೂಡಿಗೆರೆ ಕಡೆಯ ತೋಟದಿಂದ)

ನಮ್ಮ ಮೂರು ವರ್ಷದ ನಾಟಿ ನಾಯಿ ಕರಿಯ ಭಾನುವಾರ ಸಂಜೆ ಕಾಫಿ ಕಣದ ಅಂಚಿನಲ್ಲಿ ಉಡವೊಂದರ ಬಾಲ ಹಿಡಿದು ಎಳೆದಾಡಿದ. ನಾವು ಓಡಿ ಹೋಗುವಷ್ಟರಲ್ಲಿ ಉಡ ಬಿಡಿಸಿಕೊಂಡು ಧರೆಯ ಬಿಲಕ್ಕೆ ನುಗ್ಗಿತು. ಮಂಗಳವಾರ ಬೆಳಿಗ್ಗೆಯಿಂದ ಕರಿಯನಿಗೆ ಲೋಳೆ ಬೆರೆತ ಭೇದಿಯಾಗುತ್ತಿದೆ. ಒಮ್ಮೆ ವಾಂತಿಯೂ ಆಯಿತು. ನೀರು ಕುಡಿಯುತ್ತಾನೆ, ಅನ್ನ ಮುಟ್ಟುವುದಿಲ್ಲ. ತೋಟದ ರೈಟರು "ಉಡದ ನಂಜು ಏರಿದೆ, ಹುಚ್ಚು ಹಿಡಿದರೂ ಹಿಡಿಯಬಹುದು" ಎಂದು ಹೆದರಿಸಿದ್ದಾರೆ. ನಾಲ್ಕು ವರ್ಷದ ಮಗಳು ಅವನನ್ನು ಅಪ್ಪಿಕೊಂಡೇ ಆಡುವುದರಿಂದ ನಮಗೆ ಆತಂಕ ಹೆಚ್ಚಾಗಿದೆ. ಬಲ್ಲವರು ತಿಳಿಸಬೇಕೆಂದು ಕೋರಿಕೆ.

ಉತ್ತರ (ಸಕಲೇಶಪುರದ ಪಶುವೈದ್ಯ)

ಹುಚ್ಚಿನ ಭಯವನ್ನು ಮೊದಲು ಬಿಡಿ. ರೇಬೀಸ್ ಸಸ್ತನಿಗಳ ರೋಗ. ಉಡ, ಹಾವು, ಓತಿಕ್ಯಾತಗಳಿಂದ ಅದು ಹರಡುವುದಿಲ್ಲ. ಉಡ ತಿರುಗಿ ಕಚ್ಚಿದ್ದರೆ ಗಾಯ ಕೀವಾಗಬಹುದೇ ಹೊರತು, ಎರಡು ದಿನ ಸುಮ್ಮನಿದ್ದು ಆಮೇಲೆ ಏರುವಂಥ ನಂಜು ಅದರಲ್ಲಿಲ್ಲ. ಉಡದ ಪಟ್ಟು ಎನ್ನುತ್ತೇವೆ, ಇಲ್ಲಿ ಪಟ್ಟು ಹಿಡಿದವನು ಕರಿಯ.

ಭೇದಿಯ ಮಟ್ಟಿಗೆ ಸಂಶಯಪಡಬಹುದಾದದ್ದು ಸಾಲ್ಮೊನೆಲ್ಲಾ ಎಂಬ ರೋಗಾಣು. ಸರೀಸೃಪಗಳು ತಮಗೆ ಯಾವ ಕಾಯಿಲೆಯೂ ಇಲ್ಲದೆ ಇದನ್ನು ಕರುಳಿನಲ್ಲಿ ಇಟ್ಟುಕೊಂಡಿರುತ್ತವೆ. ಹಿಕ್ಕೆಯ ಮೂಲಕ ಅದು ಅವುಗಳ ಚರ್ಮಕ್ಕೂ ಮೆತ್ತಿಕೊಳ್ಳುವುದರಿಂದ, ಬಾಲ ಕಚ್ಚಿದ ನಾಯಿಯ ಬಾಯಿಗೆ ಸೇರಿರುವ ಸಾಧ್ಯತೆಯಿದೆ. ಗಟ್ಟಿಮುಟ್ಟಾದ ದೊಡ್ಡ ನಾಯಿಗಳಲ್ಲಿ ಬಹಳ ಸಲ ಏನೂ ಕಾಣಿಸುವುದಿಲ್ಲ. ಮರಿಗಳು, ಮುದಿ ನಾಯಿಗಳು ಮತ್ತು ಬೇರೆ ಕಾಯಿಲೆಯಿಂದ ಸೊರಗಿದವು ಮಾತ್ರ ಜ್ವರ, ವಾಂತಿ, ರಕ್ತಭೇದಿಗಳಿಂದ ನರಳುತ್ತವೆ. ಆದರೆ ನಾಯಿ ಆರೋಗ್ಯವಾಗಿ ಕಂಡರೂ ಮಲದಲ್ಲಿ ಕೆಲವು ವಾರ ರೋಗಾಣುವನ್ನು ಹೊರಹಾಕಬಹುದು. ಹಾಗಾಗಿ ನನಗೆ ಕರಿಯನಿಗಿಂತ ನಿಮ್ಮ ಮಗಳ ಯೋಚನೆ ಹೆಚ್ಚು: ಅವನು ಮುಖ ನೆಕ್ಕದಂತೆ ನೋಡಿಕೊಳ್ಳಿ, ಆಟದ ನಂತರ ಸೋಪಿನಿಂದ ಕೈ ತೊಳೆಸಿ, ಅವನ ತಟ್ಟೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಈಗಲೇ ಒಂದು ಪರೀಕ್ಷೆ ಮಾಡಿ. ತುಟಿ ಎತ್ತಿ, ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಗಾಗಬೇಕು. ವಸಡು ಅಂಟಂಟಾಗಿದ್ದರೆ ಅಥವಾ ಬಣ್ಣ ನಿಧಾನವಾಗಿ ಮರಳಿದರೆ ಡ್ರಿಪ್ ಹಾಕಿಸಬೇಕಾಗುತ್ತದೆ, ತಡಮಾಡಬೇಡಿ. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಮಾತ್ರೆಗಳನ್ನಾಗಲಿ, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಯನ್ನಾಗಲಿ ಕೊಡಬಾರದು. ಎರಡನೆಯದು ನಾಯಿಗೆ ವಿಷವೇ ಸರಿ.

ಮೂತಿ ಮತ್ತು ಕಾಲುಗಳನ್ನೂ ತಡವಿ ನೋಡಿ. ತೋಟದ ದರಗಿನಲ್ಲಿ ಮೂಗು ತೂರಿಸುವ ನಾಯಿಗೆ ಹಾವು ಕಚ್ಚಿರುವುದೂ ಉಂಟು. ಊತ, ನಿಲ್ಲದ ರಕ್ತ, ಕೆಂಪು ಮೂತ್ರ ಕಂಡರೆ ಮಂಡಲದ ಜಾತಿಯೆಂದೂ, ರೆಪ್ಪೆ ಜೋತುಬಿದ್ದು ಹಿಂಗಾಲು ತೊಡರಿದರೆ ನಾಗರ ಅಥವಾ ಕಟ್ಟುಹಾವು ಎಂದೂ ಅನುಮಾನಿಸಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ಈ ಎರಡರ ಜೊತೆಗೆ ಕೊಳಕುಮಂಡಲ ಮತ್ತು ಗರಗಸ ಮಂಡಲಗಳಿಗೆಂದು ತಯಾರಾದದ್ದು. ಮಲೆನಾಡಿನ ಗುಳಿಮಂಡಲಗಳು ಅದರಲ್ಲಿ ಸೇರಿಲ್ಲ.

ಮತ್ತೊಬ್ಬರು (ಚಿಕ್ಕಮಗಳೂರು)

ನಮ್ಮ ನಾಯಿ ಮಳೆಗಾಲದಲ್ಲಿ ಏನನ್ನೋ ಕಚ್ಚಿ, ಐದೇ ನಿಮಿಷದಲ್ಲಿ ಬಾಯಿತುಂಬ ನೊರೆ ಸುರಿಸಿತ್ತು. ಅದೂ ಸಾಲ್ಮೊನೆಲ್ಲಾ ಇರಬಹುದೇ?

ಪಶುವೈದ್ಯ

ಇಲ್ಲ, ಅದು ಗುಳ್ಳೆಮೈಯ ನೆಲಗಪ್ಪೆಯ ಲಕ್ಷಣ. ಅದರ ಕಿವಿಯ ಹಿಂದಿನ ಗ್ರಂಥಿಗಳಲ್ಲಿ ವಿಷದ ಹಾಲಿರುತ್ತದೆ. ಹಾಗಾದಾಗ ತಲೆಯನ್ನು ಕೆಳಮುಖವಾಗಿ ಹಿಡಿದು, ನೀರು ಗಂಟಲಿಗೆ ಇಳಿಯದಂತೆ ಬಾಯಿಯನ್ನು ತೊಳೆಯಬೇಕು. ನಡುಕ ಬಂದರೆ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ ಕೇಳಿದವರು (ನಾಲ್ಕು ದಿನಗಳ ನಂತರ)

ತಾವು ಹೇಳಿದಂತೆ ವಸಡು ನೋಡಿದೆವು, ಬಣ್ಣ ಬೇಗ ಮರಳಿತು. ಮೂತಿಯಲ್ಲಿ ಗಾಯವಿರಲಿಲ್ಲ. ಮಲವನ್ನು ಪರೀಕ್ಷೆಗೆ ಕೊಟ್ಟಾಗ ಸೂಕ್ಷ್ಮದರ್ಶಕದಡಿ ಕಂಡದ್ದು ಕೊಕ್ಕೆಹುಳುವಿನ ಮೊಟ್ಟೆಗಳು! ಜಂತುಹುಳುವಿನ ಔಷಧಿ ಹಾಕಿಸಿ ವರ್ಷ ಮೀರಿದ್ದು ಆಗ ನೆನಪಾಯಿತು. ಔಷಧಿಯಾದ ಮೂರನೆಯ ದಿನ ಅನ್ನ ಮೊಸರು ತಿಂದ. ರೈಟರು ಮಾತ್ರ ಈಗಲೂ ಉಡವನ್ನೇ ದೂರುತ್ತಿದ್ದಾರೆ, ಬಿಲಕ್ಕೆ ಹೊಗೆ ಹಾಕೋಣವೇ ಎಂದು ಕೇಳುತ್ತಿದ್ದಾರೆ.

ಪಶುವೈದ್ಯ

ಖಂಡಿತ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಉಡ ಸೇರಿದೆ. ಅದಕ್ಕೆ ತೊಂದರೆ ಕೊಟ್ಟರೆ ಕೇಸಾಗುತ್ತದೆ. ಕೊಕ್ಕೆಹುಳು ಸಿಕ್ಕಿತೆಂದು ಸಾಲ್ಮೊನೆಲ್ಲಾ ಇರಲೇ ಇಲ್ಲವೆಂದು ಹೇಳಲಾಗದು, ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಆದ್ದರಿಂದ ಕೈ ತೊಳೆಸುವುದನ್ನು ಇನ್ನೂ ಕೆಲವು ವಾರ ಬಿಡಬೇಡಿ. ಕೊಕ್ಕೆಹುಳುವಿನ ಮರಿಗಳು ನೆಲದಿಂದ ಬರಿಗಾಲಿನ ಚರ್ಮಕ್ಕೂ ಇಳಿಯುತ್ತವೆ, ಮಗಳಿಗೆ ಅಂಗಳದಲ್ಲಿ ಚಪ್ಪಲಿ ಹಾಕಿಸಿ.

ಪ್ರಶ್ನೆ ಕೇಳಿದವರು

ಆಗಲಿ ಸಾರ್. ಬಿಲ ಇದ್ದಲ್ಲೇ ಇರಲಿ, ಸಂಜೆ ಹೊತ್ತು ಕರಿಯನನ್ನೇ ಕಟ್ಟಿಹಾಕುತ್ತೇವೆ.