ಫಿಸಿಕ್ಸ್ ಆನರ್ಸ್: ಗೈಡ್ ಮುಖ್ಯವೋ, ವಿಷಯವೋ?

ಪ್ರಶ್ನೆ: ಸಿಡ್ನಿಯಲ್ಲಿ ಮೂರು ವರ್ಷದ ಬಿಎಸ್ಸಿ ಮುಗಿಯುತ್ತಿದೆ. ಮುಂದೆ ಪಿಎಚ್‌ಡಿ ಮಾಡುವ ಆಸೆ. ಆನರ್ಸ್‌ಗೆ (ಇಲ್ಲಿ ಬಿಎಸ್ಸಿ ಆದಮೇಲೆ ಮಾಡುವ ಒಂದು ವರ್ಷದ ಸಂಶೋಧನಾ ಕೋರ್ಸ್) ಖಗೋಳ ವಿಜ್ಞಾನ ಇಷ್ಟ, ಆದರೆ ಕ್ವಾಂಟಮ್ ಲ್ಯಾಬ್‌ನ ಗೈಡ್ ಜಾಸ್ತಿ ಸಮಯ ಕೊಡುತ್ತಾರಂತೆ. ಏನು ಮಾಡಲಿ?

ಉತ್ತರ 1: ಗೈಡ್ ನೋಡಿ ಆರಿಸಿ. ಒಂದೇ ವರ್ಷದಲ್ಲಿ ಕ್ಲಾಸು, ಸಂಶೋಧನೆ, ಥೀಸಿಸ್ ಎಲ್ಲಾ ಆಗಬೇಕು, ಹಾಗಾಗಿ ವಾರಕ್ಕೊಮ್ಮೆಯಾದರೂ ಕೂತು ಮಾತಾಡುವವರು ಇಲ್ಲದಿದ್ದರೆ ಎಂಥ ಒಳ್ಳೆ ವಿಷಯವೂ ಅರ್ಧಕ್ಕೇ ನಿಲ್ಲುತ್ತದೆ. ಅವರ ಈಗಿನ ವಿದ್ಯಾರ್ಥಿಗಳನ್ನೇ ಕೇಳಿ ನೋಡಿ.

ಉತ್ತರ 2: ನಿಜ, ಆದರೆ ಸುಮ್ನೆ ಇಷ್ಟವಿಲ್ಲದ್ದಕ್ಕೆ ಸೇರಬೇಡಿ. ಪಿಎಚ್‌ಡಿ ಸ್ಕಾಲರ್‌ಶಿಪ್‌ಗೆ ಫಸ್ಟ್ ಕ್ಲಾಸ್ ಆನರ್ಸ್, ಅಂದರೆ ಸಾಮಾನ್ಯವಾಗಿ ನೂರಕ್ಕೆ 80ರ ಮೇಲೆ ಅಂಕ ಬೇಕಾಗುತ್ತದೆ. ಮನಸ್ಸಿಲ್ಲದೆ ಅದು ಕಷ್ಟ ಅಲ್ವಾ?

ಉತ್ತರ 3: ಖಗೋಳಕ್ಕೆ ಒಂದು ಅನುಕೂಲ ಇದೆ. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ಟೆಲಿಸ್ಕೋಪ್‌ನ ಹಳೆ ಪಲ್ಸಾರ್ (ವೇಗವಾಗಿ ತಿರುಗುತ್ತಾ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ) ಡೇಟಾ ಎಲ್ಲರಿಗೂ ಸಿಗುತ್ತದೆ, ಮೊದಲ ವಾರದಿಂದಲೇ ಕೆಲಸ ಶುರು ಮಾಡಬಹುದು. ಲ್ಯಾಬ್‌ನಲ್ಲಿ ಲೇಸರ್ ಕೆಟ್ಟರೆ ತಿಂಗಳೇ ಹೋಗಬಹುದು.